ಬಟ್ಟಲಲ್ಲಿ ಬೆಳೆದದ್ದೆಲ್ಲ ಮದ್ದಲ್ಲ

ಈ ಕಡೆ ತಲೆ ಹಾಕಿ ತುಂಬಾ ದಿನ ಆಯ್ತು. ರಿಲೀಸು, ಬಗ್ಗು, ಮತ್ತೆ ರಿಲೀಸು... ಇದೇ ಆಗಿದೆ ಬದುಕು. ಇವತ್ತು ಬರೀತಿರೋದು ಬಿಡುವು ಸಿಕ್ಕಿ ಅಲ್ಲ, ಸಿಟ್ಟು ಬಂದು.

ಕಳೆದ ಭಾನುವಾರ ದಾವಣಗೆರೆಯಿಂದ ಅಕ್ಕ (ದೊಡ್ಡಪ್ಪನ ಮಗಳು) ಫೋನ್ ಮಾಡಿದ್ದಳು. ಅವಳ ಮಗನಿಗೆ ಐದು ವರ್ಷ, ಆಟಿಸಂ ಇದೆ. "ನೀನು ಇಂಜಿನಿಯರ್ ಅಲ್ವೇನೋ, ಒಂದು ಪಿಡಿಎಫ್ ಕಳಿಸಿದೀನಿ ನೋಡಿ ಹೇಳು. ಮಗೂದೇ ಮೂಳೆ ಮಜ್ಜೆ ತೆಗೆದು, ಲ್ಯಾಬಲ್ಲಿ ಸ್ಟೆಮ್ ಸೆಲ್ ಬೆಳೆಸಿ, ವಾಪಸ್ ಹಾಕ್ತಾರಂತೆ. ನಿಮ್ಮ ಭಾವ ಸೈಟು ಮಾರೋಣ ಅಂತಿದಾರೆ" ಅಂದಳು.

ತೆರೆದು ನೋಡಿದೆ. ಮೈಕ್ರೋಸ್ಕೋಪಿನ ಚಂದದ ಚಿತ್ರಗಳು, "ಕೋಟಿಗಟ್ಟಲೆ ಕೋಶಗಳು" ಅಂತ ದಪ್ಪ ಅಕ್ಷರ, ನಗುವ ಮಗುವಿನ ಫೋಟೋ. ಕೋಶ ಎಷ್ಟು ಬೆಳೆಯಿತು ಅನ್ನೋ ಲೆಕ್ಕ ಪುಟಗಟ್ಟಲೆ ಇದೆ. ಎಷ್ಟು ಮಕ್ಕಳಿಗೆ ಕೊಟ್ಟರು, ಕೊಡದ ಮಕ್ಕಳಿಗೆ ಹೋಲಿಸಿದರೆ ಏನಾಯಿತು ಅನ್ನೋದು ಒಂದು ಸಾಲೂ ಇಲ್ಲ. ನಾನು ಡಾಕ್ಟರ್ ಅಲ್ಲ ಸ್ವಾಮೀ, ಆದರೆ ಕೋಡು ಕಂಪೈಲ್ ಆದ ಮಾತ್ರಕ್ಕೆ ಕೆಲಸ ಮಾಡುತ್ತೆ ಅನ್ನೋ ಮ್ಯಾನೇಜರನ್ನ ದಿನಾ ನೋಡ್ತೀನಿ. ಅದೇ ವಾಸನೆ ಇಲ್ಲೂ ಬಂತು.

ಒಂದು ವಾರ ಕೂತು ಓದಿದೆ. ತಿಳಿದದ್ದು ಇಷ್ಟು. ನಮ್ಮ ಮಜ್ಜೆಯಲ್ಲಿ ಇವರು "ಸ್ಟೆಮ್ ಸೆಲ್" ಅಂತ ಒಂದೇ ಹೆಸರಿನಲ್ಲಿ ಕರೆಯೋ ಎರಡು ಬೇರೆ ಬೇರೆ ಜಾತಿಗಳಿವೆ.

ಮೊದಲನೆಯದು ರಕ್ತ ಹುಟ್ಟಿಸುವ ಕೋಶ. 1957ರಲ್ಲಿ ಡೊನಾಲ್ ಥಾಮಸ್ ಮನುಷ್ಯರಿಗೆ ಮಜ್ಜೆ ಕಸಿ ಮಾಡಲು ಶುರು ಮಾಡಿ, 1990ರಲ್ಲಿ ನೊಬೆಲ್ ಪಡೆದದ್ದು ಇದರಿಂದಲೇ. ಲ್ಯುಕೇಮಿಯಾ, ಥಲಸ್ಸೇಮಿಯಾ ಇದ್ದವರ ಜೀವ ಉಳಿಸುವುದು ಇದು. ಆದರೆ ಇದನ್ನು ಬಟ್ಟಲಲ್ಲಿ ಬೆಳೆಸೋಕೆ ಹೋದರೆ ಬೇರೆ ಬೇರೆ ರಕ್ತಕೋಶಗಳಾಗಿ ತನ್ನ ಮೂಲಗುಣವನ್ನೇ ಕಳೆದುಕೊಳ್ಳುತ್ತೆ. ದಶಕಗಳಿಂದ ವಿಜ್ಞಾನಿಗಳು ಇದರ ಜೊತೆ ಗುದ್ದಾಡ್ತಾ ಇದಾರೆ. ಅದಕ್ಕೇ ಮಾಮೂಲಿ ಕಸಿಯಲ್ಲಿ ಬೆಳೆಸೋ ಗೋಜಿಲ್ಲ, ದಾನಿಯಿಂದ ತೆಗೆದದ್ದನ್ನೇ ಕೊಡೋದು.

ಎರಡನೆಯದು ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬೆಳೆಯುವ ಕೋಶ. ರಷ್ಯಾದ ಫ್ರೀಡೆನ್‌ಸ್ಟೈನ್ ಮೊದಲು ಗುರುತಿಸಿದ್ದು. ಇದಕ್ಕೆ 1991ರಲ್ಲಿ "ಮೀಸೆಂಕೈಮಲ್ ಸ್ಟೆಮ್ ಸೆಲ್" ಅಂತ ಹೆಸರಿಟ್ಟವರು ಅಮೆರಿಕದ ಆರ್ನಾಲ್ಡ್ ಕ್ಯಾಪ್ಲನ್. ಬೆಳೆಸೋದು ಸುಲಭ, ಕೆಲವೇ ವಾರದಲ್ಲಿ ಕೋಟಿಗಟ್ಟಲೆ ಆಗುತ್ತೆ. ಲ್ಯಾಬಿನಲ್ಲಿ ಮೂಳೆ, ಮೆದ್ದೆಲುಬು, ಕೊಬ್ಬು ಆಗಬಲ್ಲದು. ಮಿದುಳು ಕಟ್ಟೋಕೆ ಬರಲ್ಲ. ರಕ್ತನಾಳಕ್ಕೆ ಕೊಟ್ಟರೆ ಬಹುಪಾಲು ಶ್ವಾಸಕೋಶದಲ್ಲೇ ಸಿಕ್ಕಿಕೊಂಡು ಕೆಲವೇ ದಿನದಲ್ಲಿ ಮಾಯ. ಹೆಸರಿಟ್ಟ ಕ್ಯಾಪ್ಲನ್ನೇ 2017ರಲ್ಲಿ, ಈ ಹೆಸರು ಬದಲಾಯಿಸಿ, ಸ್ಟೆಮ್ ಸೆಲ್ ಅಂದರೆ ರೋಗಿಗಳು ದಾರಿ ತಪ್ಪುತ್ತಾರೆ ಅಂತ ಬರೆದರು!

ಅಲ್ಲಿಗೆ ವ್ಯಾಪಾರದ ಗುಟ್ಟು ಗೊತ್ತಾಯ್ತಲ್ಲ? ಜೀವ ಉಳಿಸಿ ಹೆಸರು ಮಾಡಿದ್ದು ಒಂದು, ಬಟ್ಟಲಲ್ಲಿ ಬೆಳೆಯೋದು ಇನ್ನೊಂದು. ಮೊದಲನೆಯದರ ಕೀರ್ತಿ ತೋರಿಸಿ ಎರಡನೆಯದನ್ನು ಮಾರೋದು.

"ದೊಡ್ಡ ದೊಡ್ಡ ಪತ್ರಿಕೆಗಳಲ್ಲೇ ಬಂದಿದೆಯಲ್ಲ" ಅನ್ನಬಹುದು. ಬಂದಿತ್ತು. 2002ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಕ್ಯಾಥರೀನ್ ವರ್ಫೈ ತಂಡ, ವಯಸ್ಕ ಮಜ್ಜೆಯಿಂದ ಬೆಳೆಸಿದ ಕೋಶ ದೇಹದ ಬಹುತೇಕ ಯಾವ ಅಂಗಾಂಶವಾದರೂ ಆಗಬಲ್ಲದು ಅಂತ 'ನೇಚರ್'ನಲ್ಲಿ ಪ್ರಕಟಿಸಿತು. ಜಗತ್ತೇ ಕುಣಿಯಿತು. ಬೇರೆ ಲ್ಯಾಬುಗಳು ಅದನ್ನೇ ಮಾಡಿ ನೋಡಲು ಒದ್ದಾಡಿದವು. ಚಿತ್ರಗಳ ಮೇಲೆ ಅನುಮಾನ ಎದ್ದಿತು. ಕೊನೆಗೆ 2024ರಲ್ಲಿ ನೇಚರ್ ಆ ಪ್ರಬಂಧವನ್ನು ಹಿಂತೆಗೆದುಕೊಂಡಿತು. 22 ವರ್ಷ! ಅಷ್ಟರಲ್ಲಿ "ಮಜ್ಜೆಯಿಂದ ಏನು ಬೇಕಾದರೂ ಆಗುತ್ತೆ" ಅನ್ನೋ ಮಾತು ಊರೆಲ್ಲಾ ಸುತ್ತಿ ಬಂದಿತ್ತು.

ಹಾಗಂತ ನಾನು ಲ್ಯಾಬಿನ ವಿರೋಧಿ ಅಲ್ಲ. ನಮ್ಮ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಮಜ್ಜೆಯ ಕೋಶ ಬೆಳೆಸಿ, ಬರ್ಗರ್ಸ್ ಅನ್ನೋ ಕಾಲಿನ ರಕ್ತನಾಳದ ಕಾಯಿಲೆಗೆ ಟ್ರಯಲ್ ಮಾಡಿ, 2016ರಲ್ಲಿ ಸೀಮಿತ ಒಪ್ಪಿಗೆ ಪಡೆಯಿತು. ಅಮೆರಿಕದಲ್ಲಿ 2024ರ ಡಿಸೆಂಬರಿನಲ್ಲಿ ರಯಾನ್ಸಿಲ್‌ಗೆ ಒಪ್ಪಿಗೆ ಸಿಕ್ಕಿತು. ಕಸಿಯಾದ ಮೇಲೆ ದಾನಿಯ ಕೋಶಗಳೇ ಮಗುವಿನ ದೇಹದ ಮೇಲೆ ತಿರುಗಿಬಿದ್ದು, ಸ್ಟೀರಾಯ್ಡಿಗೂ ಬಗ್ಗದಿದ್ದಾಗ ಕೊಡೋದು ಅದು. ಗಮನಿಸಿ: ಒಂದು ನಿರ್ದಿಷ್ಟ ಕಾಯಿಲೆ, ವರ್ಷಗಟ್ಟಲೆ ಪರೀಕ್ಷೆ, ಆಮೇಲೆ ಒಪ್ಪಿಗೆ. ಅಕ್ಕ ಕಳಿಸಿದ ಪಿಡಿಎಫ್‌ನಲ್ಲೋ ಆಟಿಸಂ, ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ಮಂಡಿ ನೋವು... ದರ್ಶಿನಿಯ ಮೆನು ಬೋರ್ಡಿನ ಥರ!

ಕಾನೂನೂ ಸುಮ್ಮನಿಲ್ಲ. ಲ್ಯಾಬಿನಲ್ಲಿ ಬೆಳೆಸಿದ ಕೋಶ ಅಂದರೆ ಹೊಸ ಔಷಧಿ, 2019ರ ನಿಯಮಗಳ ಪ್ರಕಾರ ಒಪ್ಪಿಗೆ ಬೇಕು. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಶಿಫಾರಸು ಮಾಡುವುದಿಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. "ಇದು ಪ್ರಯೋಗ" ಅಂತ ಅವರು ಜಾರಿಕೊಂಡರೆ, ಪ್ರಯೋಗಕ್ಕೆ ರೋಗಿಯಿಂದ ಯಾಕೆ ಲಕ್ಷ ಲಕ್ಷ ಅಂತ ಕೇಳಿ.

ಭಾವನಿಗೆ ಇದನ್ನೆಲ್ಲ ಹೇಳಿದೆ. "ಹಾಗಾದ್ರೆ ಕೈ ಕಟ್ಕೊಂಡು ಕೂತ್ಕೋಬೇಕಾ?" ಅಂದರು. ಗಂಟಲು ಕಟ್ಟಿತು. ಈ ಪ್ರಶ್ನೆ ಇರೋವರೆಗೂ ಆ ಅಂಗಡಿಗಳು ಮುಚ್ಚಲ್ಲ. ಆದರೂ ಹೇಳಿದೆ: "ಭಾವ, ಆರು ತಿಂಗಳಲ್ಲಿ ಪುಟ್ಟ ನಾಲ್ಕು ಮಾತು ಹೆಚ್ಚು ಆಡಿದ ಅಂತಿಟ್ಕೊಳ್ಳಿ. ಇಂಜೆಕ್ಷನ್‌ನಿಂದಲಾ, ಸ್ಪೀಚ್ ಥೆರಪಿಯಿಂದಲಾ, ಒಂದು ವಯಸ್ಸು ಬಂತು ಅಂತಲಾ? ಹೇಗೆ ಗೊತ್ತಾಗುತ್ತೆ? ಐದು ವರ್ಷದ ಮಗೂಗೆ ಸೊಂಟದ ಮೂಳೆಗೆ ಸೂಜಿ ಹಾಕ್ಸೋ ಮುಂಚೆ ಇದೊಂದನ್ನ ಅವರನ್ನ ಕೇಳಿ. ಆ ದುಡ್ಡು ಥೆರಪಿಗೆ ವರ್ಷಗಟ್ಟಲೆ ಆಗುತ್ತೆ."

ಸದ್ಯಕ್ಕೆ ಸೈಟು ಉಳಿದಿದೆ. ಭಾವ ನನ್ನ ಹತ್ತಿರ ಸರಿಯಾಗಿ ಮಾತಾಡ್ತಿಲ್ಲ. ಪರವಾಗಿಲ್ಲ.

ಗೆಳೆಯರೇ, ಮಳೆ, ಕಾಫಿ, ಹಳೇ ಪ್ರೀತಿ ಬಗ್ಗೆ ನಾವೆಲ್ಲ ಸಾಕಷ್ಟು ಬರೆದಿದ್ದೀವಿ (ನಾನೂ ಕಮ್ಮಿ ಇಲ್ಲ). ಆದರೆ ನನ್ನ ಅಕ್ಕನಂಥವರು ಕನ್ನಡದಲ್ಲಿ ಹುಡುಕಿದಾಗ ಜಾಹೀರಾತಿನ ಬದಲು ನಿಜ ಸಿಗಬೇಕು ಅಂದರೆ, ಅದನ್ನೂ ನಾವೇ ಬರೀಬೇಕು ಅಲ್ವಾ? ನಿಮಗೆ ಗೊತ್ತಿರೋದು ಬರೀರಿ. ನಾನು ತಪ್ಪಿದ್ದರೆ ತಿದ್ದಿ.

ಏನಂತೀರಿ?