ಹತ್ತರಲ್ಲಿ ಎಂಟು ಸರಿಯಾದರೆ ಸಾಕೇ?

“ಗಂಡು ಮಗು ಆಗದಿದ್ದರೆ ದುಡ್ಡು ವಾಪಸ್.” ಹೀಗೆ ಹೇಳಿ ಔಷಧಿ ಕೊಡುವವರು ಹಳ್ಳಿಗಳ ಕಡೆ ಇನ್ನೂ ಇದ್ದಾರೆ. ಕೇಳಿದವರಿಗೆ ಇದು ಮೋಸ ಅನ್ನಿಸುವುದಿಲ್ಲ. ದುಡ್ಡು ವಾಪಸ್ ಕೊಡ್ತೀನಿ ಅಂತಾನಲ್ಲ, ಔಷಧಿ ಮೇಲೆ ಭರವಸೆ ಇಲ್ಲದೆ ಹಾಗೆ ಹೇಳ್ತಾನಾ ಎಂದು ನಮ್ಮನ್ನೇ ತಿರುಗಿ ಕೇಳುತ್ತಾರೆ.

ಒಂದು ಲೆಕ್ಕ ಹಾಕೋಣ. 100 ಜನ ಬಂದು ತಲಾ 2,000 ರೂಪಾಯಿ ಕೊಟ್ಟರು ಎಂದಿಟ್ಟುಕೊಳ್ಳಿ. ಔಷಧಿಯ ಪೊಟ್ಟಣದಲ್ಲಿ ಬರೀ ಬೂದಿ ಇದ್ದರೂ ಹೆಚ್ಚು ಕಡಿಮೆ 50 ಮನೆಗಳಲ್ಲಿ ಗಂಡು ಮಗು ಹುಟ್ಟೇ ಹುಟ್ಟುತ್ತದೆ. ಉಳಿದ 50 ಜನರಿಗೆ ಆತ ಮಾತಿಗೆ ತಪ್ಪದೆ ದುಡ್ಡು ವಾಪಸ್ ಕೊಟ್ಟ ಎಂದೇ ಇರಲಿ. ಆದರೂ ಕೈಯಲ್ಲಿ 1 ಲಕ್ಷ ಉಳಿಯಿತು. ಜೊತೆಗೆ ಆತನ ಹೆಸರನ್ನು ಊರೂರಿಗೆ ಹೇಳುವ 50 ಮನೆಗಳೂ ಸಿಕ್ಕವು.

ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಲಿಂಗ ಆಯ್ಕೆ ಅಪರಾಧ. ಅದು ಕಾನೂನಿನ ಮಾತಾಯಿತು. ಕಾನೂನು ಗೊತ್ತಿಲ್ಲದವರೂ ಕೇಳಬಹುದಾದ ಒಂದು ಪ್ರಶ್ನೆ ಇದೆ: ಈ ಔಷಧಿ ಇಲ್ಲದೇ ಇದ್ದಿದ್ದರೆ ಏನಾಗುತ್ತಿತ್ತು?

ಸಂಖ್ಯಾಶಾಸ್ತ್ರದ ಒಂದು ದೊಡ್ಡ ಭಾಗವೇ ಈ ಪ್ರಶ್ನೆಯ ಮೇಲೆ ನಿಂತಿದೆ. ಅದಕ್ಕೆ ಹೈಪಾಥಿಸಿಸ್ ಟೆಸ್ಟಿಂಗ್ ಅಂತಾರೆ. ನಾವು ಊಹೆಯ ಪರೀಕ್ಷೆ ಅನ್ನೋಣ. ಯಾರಾದರೂ ಏನಾದರೂ ವಿಶೇಷ ಇದೆ ಎಂದಾಗ, ಮೊದಲು ‘ವಿಶೇಷವೇನೂ ಇಲ್ಲ’ ಎಂದು ಊಹಿಸಿಕೊಳ್ಳಬೇಕು. ಹಾಗಿದ್ದಾಗಲೂ ಇಂಥ ಫಲಿತಾಂಶ ಬರೀ ಅದೃಷ್ಟದಿಂದ ಎಷ್ಟು ಸಲ ಬರುತ್ತದೆ ಎಂದು ನೋಡಬೇಕು. ಆಗಾಗ ಬರುತ್ತದೆ ಅಂದರೆ ಅದರಲ್ಲಿ ಸುದ್ದಿಯೇನೂ ಇಲ್ಲ. ತೀರಾ ಅಪರೂಪ ಅಂದರೆ ವಿಚಾರಿಸಬೇಕಾದ ಸಂಗತಿ ಏನೋ ಇದೆ.

ಕಾಲೇಜಿನಲ್ಲಿ ಇದನ್ನು ಗ್ರೀಕ್ ಅಕ್ಷರಗಳಲ್ಲಿ ಬರೆದು ಹುಡುಗರನ್ನು ಹೆದರಿಸುತ್ತಾರೆ. ನನ್ನ ಪ್ರಕಾರ ಇದನ್ನು ರೂಢಿ ಮಾಡಿಕೊಳ್ಳಬೇಕಾದ ಜಾಗ ನಮ್ಮ ಹೊಲ, ನಮ್ಮ ಮನೆ. ಅದೃಷ್ಟವನ್ನು ಕೌಶಲ ಎಂದು ನಂಬಿ ಸಾಲ ಮಾಡುವವರು ನಾವೇ ತಾನೆ?

ಪಾಯಿಂಟ್ ನೋಡುವವರ ಲೆಕ್ಕ

ಬೋರ್‌ವೆಲ್ ವಿಷಯವನ್ನೇ ತೆಗೆದುಕೊಳ್ಳಿ. ತೆಂಗಿನಕಾಯಿ ಹಿಡಿದೋ, ಬೇವಿನ ಕಡ್ಡಿ ಹಿಡಿದೋ ಪಾಯಿಂಟ್ ತೋರಿಸುವವರು ಎಲ್ಲ ತಾಲ್ಲೂಕಿನಲ್ಲೂ ಇದ್ದಾರೆ. “ಅವರು ತೋರಿಸಿದ ಹತ್ತು ಪಾಯಿಂಟ್‌ನಲ್ಲಿ ಎಂಟಕ್ಕೆ ನೀರು ಬಿದ್ದಿದೆ” ಎಂಬ ಮಾತು ಕೇಳಿದ ಕೂಡಲೇ ನಾವು ರಿಗ್ ಲಾರಿಗೆ ಫೋನ್ ಮಾಡುತ್ತೇವೆ.

ಹತ್ತಕ್ಕೆ ಎಂಟು ಒಳ್ಳೆಯ ಮಾರ್ಕೇ. ಆದರೆ ಆ ಸುತ್ತಿನಲ್ಲಿ ಯಾರನ್ನೂ ಕೇಳದೆ ಎಲ್ಲೋ ಒಂದು ಕಡೆ ಕೊರೆದರೆ ಹತ್ತರಲ್ಲಿ ಎಷ್ಟಕ್ಕೆ ನೀರು ಬೀಳುತ್ತದೆ? ಇದನ್ನು ತಿಳಿಯದೆ ಎಂಟು ಎಂಬ ಅಂಕಿಗೆ ಅರ್ಥವೇ ಇಲ್ಲ.

ಮನೆಯಲ್ಲೇ ಪರೀಕ್ಷೆ ಮಾಡಿ. 10 ಚೀಟಿ ಹರಿದುಕೊಳ್ಳಿ. ನಿಮ್ಮ ಕಡೆ ಸಾಮಾನ್ಯವಾಗಿ ಹತ್ತರಲ್ಲಿ ಏಳು ಬೋರ್‌ಗೆ ನೀರು ಬೀಳುತ್ತದೆ ಎಂದಾದರೆ 7 ಚೀಟಿಯ ಮೇಲೆ ‘ನೀರು’, 3 ಚೀಟಿಯ ಮೇಲೆ ‘ಫೇಲ್’ ಎಂದು ಬರೆಯಿರಿ. ಮಡಚಿ ಡಬ್ಬಕ್ಕೆ ಹಾಕಿ. ಒಂದು ಚೀಟಿ ಎತ್ತಿ, ನೋಡಿ, ಬರೆದುಕೊಂಡು ಮತ್ತೆ ಡಬ್ಬಕ್ಕೇ ಹಾಕಿ ಕುಲುಕಿ. ಹೀಗೆ ಹತ್ತು ಸಲ ಎತ್ತಿದರೆ ಒಂದು ಸುತ್ತು. ಆ ಸುತ್ತಿನಲ್ಲಿ ‘ನೀರು’ ಎಷ್ಟು ಸಲ ಬಂತೆಂದು ಗುರುತು ಹಾಕಿಕೊಳ್ಳಿ. ರಜೆಯಲ್ಲಿರುವ ಮಕ್ಕಳನ್ನು ಕೂರಿಸಿಕೊಂಡು ಇಂಥ 50 ಸುತ್ತು ಆಡಿ.

50 ಸುತ್ತಿನಲ್ಲಿ ಹೆಚ್ಚು ಕಡಿಮೆ 19 ಸುತ್ತುಗಳಲ್ಲಿ ಎಂಟು ಅಥವಾ ಅದಕ್ಕಿಂತ ಹೆಚ್ಚು ‘ನೀರು’ ಬರುತ್ತದೆ. ಡಬ್ಬಕ್ಕೆ ಭೂಮಿಯ ಒಳಗಿನದೇನೂ ಕಾಣುವುದಿಲ್ಲ. ಆದರೂ ಆ ಪಾಯಿಂಟ್ ನೋಡುವವರ ಮಾರ್ಕು ಅದಕ್ಕೂ ಸಿಕ್ಕಿತು. ಅಂದಮೇಲೆ ಅಲ್ಲಿ ಹತ್ತಕ್ಕೆ ಎಂಟು ಎಂಬುದು ದೊಡ್ಡ ಸಂಗತಿಯಲ್ಲ.

ಈಗ ‘ನೀರು’ ಚೀಟಿ 4, ‘ಫೇಲ್’ ಚೀಟಿ 6 ಮಾಡಿ ಅದೇ ಆಟ ಆಡಿ. ಎಂಟು ಅಥವಾ ಅದಕ್ಕಿಂತ ಹೆಚ್ಚು ‘ನೀರು’ ಬರುವುದು ಸುಮಾರು 80 ಸುತ್ತಿಗೆ ಒಂದು ಸಲ. ನೀರಿಲ್ಲದ ಸೀಮೆಯಲ್ಲಿ ಒಬ್ಬರು ಹತ್ತಕ್ಕೆ ಎಂಟು ತೋರಿಸಿದರೆ ಅವರಿಗೆ ಏನೋ ತಿಳಿದಿರಬಹುದು. ಅದು ಕಾಯಿಯ ಮಹಿಮೆಯೇ ಆಗಬೇಕೆಂದಿಲ್ಲ. ನಮ್ಮ ರಾಜ್ಯದ ಬಹುಪಾಲು ನೆಲದಡಿ ಗಟ್ಟಿ ಕಲ್ಲಿದೆ, ನೀರು ಇರುವುದು ಅದರ ಬಿರುಕುಗಳಲ್ಲಿ. ಹಳ್ಳ, ಇಳಿಜಾರು, ಗಿಡಮರ ನೋಡಿ ಅಂದಾಜು ಮಾಡುವ ಅನುಭವ ಅವರಿಗೆ ಇದ್ದೀತು.

ಐದಕ್ಕೆ ಐದು ಹೇಳಿದವರು

“ನೀವು ಏನೇ ಹೇಳಿ, ಅವರು ಸತತ ಐದಕ್ಕೆ ಐದು ಸರಿ ಹೇಳಿದ್ದಾರೆ” ಎನ್ನುವವರಿಗೆ ಇನ್ನೊಂದು ಲೆಕ್ಕ. ಒಂದು ಸೀಮೆಯಲ್ಲಿ ಪಾಯಿಂಟ್ ನೋಡುವವರು 32 ಜನ ಇದ್ದಾರೆ ಎಂದಿಟ್ಟುಕೊಳ್ಳಿ. ಅಲ್ಲಿ ನೀರು ಬೀಳುವುದು ಅರ್ಧಕ್ಕರ್ಧ. ಯಾರಿಗೂ ಏನೂ ಗೊತ್ತಿಲ್ಲದಿದ್ದರೂ ಮೊದಲ ಬೋರ್‌ನಲ್ಲಿ ಸುಮಾರು 16 ಜನ ಗೆಲ್ಲುತ್ತಾರೆ. ಅವರಲ್ಲಿ ಎರಡನೆಯದನ್ನೂ ಗೆಲ್ಲುವವರು 8, ಮೂರನೆಯದಕ್ಕೆ 4, ನಾಲ್ಕನೆಯದಕ್ಕೆ 2, ಐದನೆಯದಕ್ಕೆ 1.

ಆ ಒಬ್ಬರ ಫೋನ್ ನಂಬರ್ ಎಲ್ಲರ ಮೊಬೈಲ್‌ನಲ್ಲೂ ಇರುತ್ತದೆ. ಅವರ ಫೋಟೊ ಪೇಪರಿನಲ್ಲಿ ಬರುತ್ತದೆ. ಉಳಿದ 31 ಜನರ ಮಾತನ್ನು ಯಾರೂ ಎತ್ತುವುದಿಲ್ಲ. ಗೆದ್ದ ಮೇಲೆ ಗೆದ್ದವರನ್ನು ಆರಿಸಿ ಎಣಿಸಿದರೆ ಅದು ಪರೀಕ್ಷೆ ಆಗುವುದಿಲ್ಲ. ಅವರ ಇವತ್ತಿನ ನಂತರದ ಹತ್ತು ಪಾಯಿಂಟ್‌ಗಳನ್ನು ಬರೆದಿಟ್ಟು ನೋಡಬೇಕು. ಎಷ್ಟು ಇಂಚು ನೀರು ಬಿದ್ದರೆ ‘ಬಿತ್ತು’ ಅನ್ನಬೇಕು ಎಂಬುದನ್ನು ಕೊರೆಯುವ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಆಮೇಲೆ ಅರ್ಧ ಇಂಚನ್ನೂ ಗೆಲುವಿಗೆ ಸೇರಿಸುವಂತಿಲ್ಲ.

ಸುದ್ದಿ ಬರೆಯುವ ನಮಗೂ ಈ ಮಾತು ಸಲ್ಲುತ್ತದೆ. ‘ಒಂದೇ ಎಕರೆಯಲ್ಲಿ ಲಕ್ಷ ಲಕ್ಷ ಗಳಿಸಿದ ರೈತ’ ಎಂದು ಬರೆಯುವಾಗ ಅದೇ ಬೆಳೆ ಹಾಕಿದ ಅಕ್ಕಪಕ್ಕದ ಹತ್ತು ಜನರಿಗೆ ಏನಾಯಿತು ಎಂಬ ಒಂದು ಸಾಲು ಇರಲೇಬೇಕು. ಆ ಸಾಲಿಲ್ಲದ ಸುದ್ದಿಯನ್ನು ಓದುಗರು ಜಾಹೀರಾತು ಎಂದೇ ಓದಲಿ.

ಹತ್ತು ಬೀಜವೋ, ನೂರು ಬೀಜವೋ

ಎರಡನೆಯ ಪಾಠ ಬಿತ್ತನೆ ಬೀಜದ್ದು. ಪ್ರಮಾಣಿತ ಸೋಯಾಬೀನ್ ಬೀಜ ಕನಿಷ್ಠ 70 ಪರ್ಸೆಂಟ್ ಮೊಳೆಯಬೇಕು ಎಂಬುದು ನಿಯಮ. ಬಿತ್ತುವ ಮುಂಚೆ 10 ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಿರಿ, 6 ಮೊಳೆತವು. ಕಂಪನಿ ಮೋಸ ಮಾಡಿದೆ ಎಂದು ವಾಟ್ಸ್ಯಾಪ್‌ನಲ್ಲಿ ಹಾಕಬಹುದೇ?

ಬೇಡ. ಸರಿಯಾಗಿ 70 ಪರ್ಸೆಂಟ್ ಮೊಳೆಯುವ ಚೀಲದಿಂದ ತೆಗೆದರೂ ಹತ್ತು ಕಾಳಿನಲ್ಲಿ ಆರು ಅಥವಾ ಅದಕ್ಕಿಂತ ಕಡಿಮೆ ಮೊಳೆಯುವುದು ಮೂರು ಸಲಕ್ಕೆ ಒಂದು ಸಲ ಆಗುತ್ತದೆ. ನಂಬಿಕೆ ಬರದಿದ್ದರೆ ಅದೇ ಏಳು–ಮೂರು ಚೀಟಿಗಳ ಡಬ್ಬ ತೆಗೆದು ನೋಡಿ.

ಈಗ 100 ಕಾಳು ಹಾಕಿ. ಚೀಲದ ಮೇಲ್ಗಡೆಯಿಂದ ಮಾತ್ರ ತೆಗೆಯಬೇಡಿ. ಮೇಲೆ, ನಡುವೆ, ತಳ ಎಲ್ಲ ಕಡೆಯಿಂದ ಕೈಗೆ ಬಂದದ್ದನ್ನು ತೆಗೆಯಿರಿ. ಚೆನ್ನಾಗಿರುವ ಕಾಳು ಆರಿಸಬಾರದು, ಕೆಟ್ಟದ್ದನ್ನೂ ಆರಿಸಬಾರದು. ಒದ್ದೆ ಗೋಣಿಯಲ್ಲಿ ಸಾಲಾಗಿ ಜೋಡಿಸಿ, ಸುತ್ತಿ, ನೆರಳಲ್ಲಿಟ್ಟು, ತೇವ ಆರದಂತೆ ನೋಡಿಕೊಂಡು ಒಂದು ವಾರದ ಮೇಲೆ ಎಣಿಸಿ. ಈಗಲೂ 60 ಮಾತ್ರ ಮೊಳೆತರೆ ವಿಷಯ ಬೇರೆ. 70 ಪರ್ಸೆಂಟಿನ ಚೀಲದಲ್ಲಿ ನೂರಕ್ಕೆ 60 ಅಥವಾ ಅದಕ್ಕಿಂತ ಕಡಿಮೆ ಬರುವುದು ಸುಮಾರು 50ರಲ್ಲಿ ಒಂದು ಸಲ. 55ಕ್ಕೆ ಇಳಿದರಂತೂ ಸಾವಿರಕ್ಕೆ ಒಂದೆರಡು ಸಲ.

ಎರಡೂ ಕಡೆ 60 ಪರ್ಸೆಂಟೇ. ಆದರೆ ಹತ್ತು ಕಾಳು ಹೇಳಿದ ಮಾತನ್ನು ಯಾರೂ ಕೇಳಬೇಕಿಲ್ಲ, ನೂರು ಕಾಳು ಹೇಳಿದ ಮಾತನ್ನು ಕೇಳಲೇಬೇಕು. ಆಗ ಬಿಲ್ಲು, ಚೀಲ, ಅದರ ಮೇಲಿನ ಟ್ಯಾಗ್ ಜೋಪಾನ ಮಾಡಿ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಇಲಾಖೆಯವರೇ ಮಾದರಿ ತೆಗೆದು ಲ್ಯಾಬಿಗೆ ಕಳಿಸಲಿ ಎಂದು ಕೇಳಿ. ಒಂದೇ ಲಾಟ್ ನಂಬರಿನ ಚೀಲ ತಂದ ನಾಲ್ಕು ಮನೆಯವರು ಒಟ್ಟಿಗೆ ಎಣಿಸಿಕೊಂಡು ಹೋದರೆ ಮಾತಿಗೆ ಇನ್ನಷ್ಟು ತೂಕ.

ಟೀ ಕಪ್ಪಿನ ಪರೀಕ್ಷೆ

ಇದೆಲ್ಲ ಪಟ್ಟಣದವರ ವಿದ್ಯೆ ಅನ್ನಿಸಿದರೆ, ಹುಟ್ಟಿದ್ದೆಲ್ಲಿ ಎಂದು ನೋಡಿ. ರೊನಾಲ್ಡ್ ಫಿಶರ್ 1919ರಲ್ಲಿ ಕೆಲಸಕ್ಕೆ ಸೇರಿದ್ದು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬ ಕೃಷಿ ಸಂಶೋಧನಾ ಕೇಂದ್ರಕ್ಕೆ. ಗೊಬ್ಬರ ಹಾಕಿದ ತಾಕಿನಲ್ಲಿ ಇಳುವರಿ ಹೆಚ್ಚಿದ್ದು ಗೊಬ್ಬರದಿಂದಲೋ ಮಣ್ಣಿನಿಂದಲೋ ಎಂಬಂಥ ಪ್ರಶ್ನೆಗಳಿಂದಲೇ ಈ ಲೆಕ್ಕ ಬೆಳೆಯಿತು. ಅಲ್ಲಿ ಒಬ್ಬ ಮಹಿಳೆ, ಕಪ್ಪಿಗೆ ಹಾಲು ಮೊದಲು ಹಾಕಿದ್ದೋ ಟೀ ಮೊದಲು ಹಾಕಿದ್ದೋ ಎಂದು ಕುಡಿದೇ ಹೇಳಬಲ್ಲೆ ಎಂದರಂತೆ. ಅದನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನು ಫಿಶರ್ 1935ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. 8 ಕಪ್ಪು, ನಾಲ್ಕರಲ್ಲಿ ಹಾಲು ಮೊದಲು, ನಾಲ್ಕರಲ್ಲಿ ಟೀ ಮೊದಲು. ಅಡ್ಡಾದಿಡ್ಡಿ ಇಟ್ಟು ಕೊಡಬೇಕು. ಬರೀ ಊಹೆಯಿಂದ ಎಲ್ಲವನ್ನೂ ಸರಿ ಹೇಳುವುದು 70ರಲ್ಲಿ ಒಂದು ಸಲ ಮಾತ್ರ ಸಾಧ್ಯ.

ಎಮ್ಮೆ ಹಾಲಿನ ಟೀ, ಸೀಮೆಹಸುವಿನ ಹಾಲಿನ ಟೀ ನಾಲಿಗೆಗೇ ಗೊತ್ತಾಗುತ್ತದೆ ಎನ್ನುವ ಭಾವನವರು ನಿಮ್ಮ ಮನೆಯಲ್ಲೂ ಇದ್ದರೆ ನಾಲ್ಕು ನಾಲ್ಕು ಲೋಟ ಮಾಡಿ ಕೊಟ್ಟು ನೋಡಿ. ಬಣ್ಣ ಕಾಣದಂತೆ ಕಣ್ಣಿಗೆ ಬಟ್ಟೆ ಕಟ್ಟಿ. ಎಂಟೂ ಸರಿ ಹೇಳಿದರೆ ನಾಲಿಗೆಗೆ ನಮಸ್ಕಾರ. ಎಮ್ಮೆ ಹಾಲಿನ ನಾಲ್ಕರಲ್ಲಿ ಮೂರನ್ನು ಗುರುತಿಸಿದರೆ ಬೀಗುವಂತಿಲ್ಲ. ಮೂರು ಅಥವಾ ನಾಲ್ಕು ಸರಿಯಾಗುವುದು ಊಹೆಯಿಂದಲೇ ನಾಲ್ಕು ಸಲಕ್ಕೆ ಸುಮಾರು ಒಂದು ಸಲ ಆಗುತ್ತದೆ.

ಫಿಶರ್ ಅವರ ಕೈಕೆಳಗೆ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಮಾಡಿದವರಲ್ಲಿ ಒಬ್ಬರು ಸಿ.ಆರ್. ರಾವ್. ಊಹೆಯ ಪರೀಕ್ಷೆಗಳಲ್ಲಿ ಒಂದಕ್ಕೆ ಜಗತ್ತಿನಾದ್ಯಂತ ಅವರ ಹೆಸರೇ ಇದೆ. ಅವರು ಹುಟ್ಟಿದ್ದು 1920ರಲ್ಲಿ, ಈಗಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ. 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದು, ಅದೇ ವರ್ಷ 102ರ ವಯಸ್ಸಿನಲ್ಲಿ ತೀರಿಕೊಂಡರು.

ಲೆಕ್ಕ ಹೇಳದ ಮಾತು

ಲೆಕ್ಕ ಬಂದ ಮಾತ್ರಕ್ಕೆ ಎಲ್ಲರ ಮೇಲೆ ಏರಿ ಹೋಗಬಾರದು. ಎರಡು ಎಚ್ಚರಿಕೆ ಬೇಕು.

ಒಂದು, ‘20ರಲ್ಲಿ ಒಂದು ಸಲ’ಕ್ಕಿಂತ ಅಪರೂಪವಾದರೆ ಅನುಮಾನ ಪಡಬಹುದು ಎಂಬ ಗೆರೆ ವಿಜ್ಞಾನದಲ್ಲಿ ರೂಢಿಯಲ್ಲಿದೆ. ಅದರರ್ಥ ಅಂಗಡಿಯವನು ತಪ್ಪಿತಸ್ಥ ಎಂಬುದು 95 ಪರ್ಸೆಂಟ್ ಖಚಿತ ಎಂದಲ್ಲ. ಅಷ್ಟಕ್ಕಷ್ಟೇ ಸರಿಯಿರುವ ಬೀಜವನ್ನು 200 ರೈತರು ಪರೀಕ್ಷಿಸಿದರೂ ಸುಮಾರು 10 ಜನರಿಗೆ ಅಂಥ ಫಲಿತಾಂಶ ಬಂದೇ ಬರುತ್ತದೆ. ಅನುಮಾನ ಬಂದಾಗ ಮತ್ತೊಮ್ಮೆ ಎಣಿಸುವುದು ನ್ಯಾಯ. ಒಬ್ಬರ ಹೆಸರು ಕೆಡಿಸುವ ವಿಷಯವಾದರೆ ಗೆರೆ ಇನ್ನೂ ಬಿಗಿಯಾಗಿರಲಿ.

ಎರಡು, ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ ಎಂದರೆ ಏನೂ ಇಲ್ಲ ಎಂದಲ್ಲ. ಹತ್ತು ಕಾಳು ಹಾಕಿ “ಬೀಜ ಸರಿಯಿದೆ” ಎಂದು ವಾಪಸ್ ಕಳಿಸುವವರಿಗೂ ಇದನ್ನೇ ಹೇಳಬೇಕು. ಕಡಿಮೆ ಎಣಿಸಿದರೆ ತಪ್ಪು ಕಾಣುವುದಿಲ್ಲ. ಕೆಲವರಿಗೆ ಬೇಕಾಗಿರುವುದೂ ಅದೇ.

ಕೊನೆಗೆ ಒಂದು ಬೇಡಿಕೆ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಒಂದು ಬೋರ್‌ವೆಲ್ ಪುಸ್ತಕ ಇರಲಿ. ಯಾವ ಸರ್ವೆ ನಂಬರು, ಎಷ್ಟು ಅಡಿ, ಪಾಯಿಂಟ್ ತೋರಿಸಿದ್ದು ಯಾರು, ಎಷ್ಟು ಇಂಚು ನೀರು ಬಿತ್ತು, ಅಥವಾ ಫೇಲ್ ಆಯಿತೇ? ಒಂದು ಸಾಲು ಸಾಕು. ಫೇಲ್ ಆದದ್ದನ್ನು ನಾಚಿಕೆಯಿಂದ ಬಚ್ಚಿಡದೆ ಬರೆಸಬೇಕು. ಮುಂದಿನವರ ಸಾಲ ಉಳಿಸುವುದು ಆ ಸಾಲೇ. ಪಂಚಾಯಿತಿ ಮಾಡದಿದ್ದರೆ ಡೈರಿಯಲ್ಲಿ ಇಡಿ, ಸ್ವಸಹಾಯ ಸಂಘದವರು ಇಡಲಿ. ಎರಡು ವರ್ಷದಲ್ಲಿ ನಿಮ್ಮ ಡಬ್ಬಕ್ಕೆ ‘ನೀರು’ ಚೀಟಿ ಎಷ್ಟು ಹಾಕಬೇಕು ಎಂಬುದು ನಿಮಗೇ ಗೊತ್ತಾಗುತ್ತದೆ. ಆಮೇಲೆ ಯಾರಾದರೂ ಕಾಯಿ ಹಿಡಿದು ಬಂದು “ಹತ್ತಕ್ಕೆ ಎಂಟು” ಎಂದರೆ, ಆ ಪುಸ್ತಕ ತೆರೆದು ಕೂತು ಮಾತಾಡಿ.