ಧಾರಣೆಯೂ ಮನಸ್ಸೂ

ಚನ್ನಗಿರಿಯ ಅಡಿಕೆ ಮಾರುಕಟ್ಟೆಗೂ ಮುಂಬಯಿಯ ಷೇರುಪೇಟೆಗೂ ಒಂದು ಸಾಮ್ಯವುಂಟು: ಎರಡನ್ನೂ ಲೆಕ್ಕಾಚಾರದಷ್ಟೇ ಮನೋಭಾವವೂ ಆಳುತ್ತದೆ. ಲಾಭದ ಸುಖಕ್ಕಿಂತ ನಷ್ಟದ ನೋವು ತೀವ್ರವೆಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಲ್ಲೇ ಪ್ರತಿಪಾದಿಸಿದರು. ಬೆಲೆ ಇಳಿದ ಷೇರನ್ನು ಮಾರಲು ಹೂಡಿಕೆದಾರ ಹಿಂಜರಿಯುವುದಕ್ಕೆ ಇದೊಂದು ಕಾರಣ. 2014ರಲ್ಲಿ ಗಗನಕ್ಕೇರಿದ ಅಡಿಕೆ ಧಾರಣೆ ಮರುವರ್ಷ ಕುಸಿದಾಗ, ‘ಮತ್ತೆ ಏರೀತು’ ಎಂದು ದಾಸ್ತಾನಿಟ್ಟು ಕಾದವರ ಮನಃಸ್ಥಿತಿಯೂ ಇದೇ.

ಧಾರಣೆ ಏರಿದಾಗಿನ ಅಪಾಯ ಇನ್ನೂ ದೊಡ್ಡದು. ಷೇರನ್ನು ಮರುದಿನವೇ ಮಾರಬಹುದು. ಅಡಿಕೆ ಸಸಿ ಫಸಲು ಕೊಡಲು ಐದಾರು ವರ್ಷ ಬೇಕು. ಇಂದಿನ ಉತ್ಸಾಹದಲ್ಲಿ ಹೊನ್ನಾಳಿ, ನ್ಯಾಮತಿಯ ಭತ್ತದ ಗದ್ದೆಗಳೂ ಬರಪೀಡಿತ ಜಗಳೂರಿನ ಮೆಕ್ಕೆಜೋಳದ ಹೊಲಗಳೂ ತೋಟಗಳಾದರೆ, ಬೆಲೆ ತೀರ್ಮಾನವಾಗುವುದು ಮುಂದೆಂದೋ. ಕೊಳವೆಬಾವಿಯ ಸಾಲ ಮಾತ್ರ ಇಂದೇ ಹೆಗಲೇರುತ್ತದೆ. ನೆರೆಯವರ ತೋಟ ನೋಡಿ ಅಲ್ಲ, ತನ್ನ ನೀರನ್ನೂ ಖರ್ಚನ್ನೂ ಅಳೆದು ಸಸಿ ನೆಡುವುದೇ ವಿವೇಕ.