ತಿಂಗಳಿಗೆ ಎರಡೇ ಎಂಟ್ರಿ

ಬಿಕಾಂ ಓದೋಳಿಗೆ ನಕ್ಷತ್ರದ ಉಸಾಬರಿ ಯಾಕೆ ಅಂತೀರಾ? ಕೇಳಿ.

ಇಟಲಿಯ ಗ್ರಾನ್ ಸಾಸೊ ಬೆಟ್ಟದಲ್ಲಿ, 1400 ಮೀಟರ್ ಬಂಡೆಯ ಕೆಳಗೆ, ಲೂನಾ ಅನ್ನೋ ಪ್ರಯೋಗ ಇದೆ. ಸೂರ್ಯನೊಳಗೆ ಹೀಲಿಯಂ-3 ನ್ಯೂಕ್ಲಿಯಸ್‌ಗಳು ಬೆಸೆಯೋದನ್ನ ಅಲ್ಲಿ ಸೂರ್ಯನೊಳಗಿನಷ್ಟೇ ಕಡಿಮೆ ಶಕ್ತಿಯಲ್ಲಿ ಅಳೆದರು. ತೀರಾ ಕಡಿಮೆ ಶಕ್ತಿಯಲ್ಲಿ ಸಿಕ್ಕಿದ್ದು ತಿಂಗಳಿಗೆ ಎರಡೇ ಘಟನೆ! ನೆಲದ ಮೇಲಾಗಿದ್ರೆ ಕಾಸ್ಮಿಕ್ ಕಿರಣಗಳ ಗದ್ದಲದಲ್ಲಿ ಅವೂ ಕಳೆದುಹೋಗ್ತಿದ್ವು.

"ಇಷ್ಟಕ್ಕೆ ಅಷ್ಟು ಖರ್ಚಾ?" ಅಂತ ನಾನೂ ನಕ್ಕಿದ್ದೆ. ಈಗ ಹೇಳ್ತೀನಿ, ಇಂಥ ಕಾಯುವಿಕೆಗೂ ದುಡ್ಡು ಕೊಡಲೇಬೇಕು. ಯಾಕಂದ್ರೆ ಮುಂದೆ ಅಲ್ಲೇ ಸಾರಜನಕ ಪ್ರೋಟಾನ್ ಹಿಡಿಯೋ ವೇಗ ಅಳೆದಾಗ, ಅದು ಅಂದುಕೊಂಡಿದ್ದರ ಅರ್ಧದಷ್ಟೇ ಇತ್ತು. ಹಳೇ ನಕ್ಷತ್ರಗುಚ್ಛಗಳ ವಯಸ್ಸಿನ ಲೆಕ್ಕ 70ರಿಂದ 100 ಕೋಟಿ ವರ್ಷ ಮೇಲೇರಿತು. ಇದನ್ನ ಯಾವ ಕಾಲಂನಲ್ಲಿ ಬರೀತೀರಾ, ಹೇಳಿ?